ಮೇಲೆ ಹೋಗುವವರ ಪಟ್ಟಿ

ವಕೀಲರು ಕೊರಳಿಗೆ ಕಟ್ಟುವ ಬಿಳಿ ಬ್ಯಾಂಡನ್ನು ಮಗುಚಿ, ಅದರ ಮೂಲೆಯನ್ನು ಜೇಬುನ್ನೀಸಾ ಕಡ್ಡಿಯಿಂದ ಹೊರಕ್ಕೆ ತಿವಿಯುತ್ತಿದ್ದಳು. ಮೂಲೆ ಮೊಂಡಾದರೆ ವಾದವೂ ಮೊಂಡಾಗುತ್ತದೆಂದು ವಕೀಲರ ನಂಬಿಕೆ. ಕುರ್ಲಾದ ಈ ಚಾಳಿನ ಒಂದೇ ಕೋಣೆಯ ಖೋಲಿಯಲ್ಲಿ ಹದಿನೆಂಟು ವರ್ಷದಿಂದ ಅವಳದು ಅದೇ ಕೆಲಸ. ಖೋಲಿ ಅವಳದೋ ಬಿಲ್ಡರನದೋ ಎಂಬ ಕೇಸು ಹೈಕೋರ್ಟಿನಲ್ಲಿತ್ತು. ವಾದ ಮುಗಿದು, ಬರೆಯಬೇಕಾದ ತೀರ್ಪು ಜಡ್ಜರ ಬಳಿಯೇ ಉಳಿದು ಎಂಟು ತಿಂಗಳಾಗಿತ್ತು.

ಅವಳ ವಕೀಲ ಪ್ರಶಾಂತ ಉಡುಪಿ ಕಡೆಯವನು. ಕೋರ್ಟಿಗಿಂತ ಯೂಟ್ಯೂಬಿನಲ್ಲಿ ಅವನಿಗೆ ಹೆಚ್ಚು ಹೆಸರು. ಸುಪ್ರೀಂ ಕೋರ್ಟಿಗೆ ಮುಂದೆ ಯಾವ ಜಡ್ಜರು ಹೋಗುತ್ತಾರೆಂದು ಅಲ್ಲಿ ವಾರಕ್ಕೊಮ್ಮೆ ಭವಿಷ್ಯ ಹೇಳುತ್ತಿದ್ದ. ಒಬ್ಬರ ಹಿರಿತನ, ಇನ್ನೊಬ್ಬರ ರಾಜ್ಯ, ಜಾತಿ, ನಿವೃತ್ತಿಯ ತಾರೀಖು ಎಲ್ಲ ಕಲಸಿ ಪಟ್ಟಿ ಕೊಡುವವನು. ಹೋದ ಸಲ ಹೇಳಿದ ಐವರಲ್ಲಿ ಒಬ್ಬರೂ ಹೋಗಲಿಲ್ಲ. ತನ್ನ ಪಟ್ಟಿ ಸರಿಯಿತ್ತು, ಆರಿಸಿದವರೇ ತಪ್ಪಿದರು ಎಂದು ಮುಂದಿನ ವಾರ ವಿವರಿಸಿದ್ದ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವವರನ್ನು ಜೇಬುನ್ನೀಸಾ ಕಂಡಿದ್ದಳು. ಕಂಡವರ ಕೂಸಿಗೆ, ಅದೂ ಕ್ಯಾಮೆರಾದ ಮುಂದೆ ಹೊಲಿಯುವವನು ಇವನೊಬ್ಬನೇ.

ಇವತ್ತು ಬ್ಯಾಂಡಿಗೆಂದು ಬಂದವನು ಬಾಗಿಲಲ್ಲೇ ಹಿಗ್ಗಿ ನಿಂತ. "ಅಕ್ಕ, ಈ ಸಲದ ಲಿಸ್ಟಿನಲ್ಲಿ ಫಸ್ಟ್ ನಂಬರ್ ನಿಮ್ಮ ಜಡ್ಜ್ ಸಾಹೇಬ್ರೇ. ಈ ತಿಂಗಳಲ್ಲೇ ಮೇಲೆ ಹೋಗ್ತಾರೆ, ಪಕ್ಕಾ."

ಒಳಗೆ ಗುಂಡಿ ಹಚ್ಚುತ್ತಿದ್ದ ಅತ್ತೆ ಅಕ್ಬರಬಿ ಸೂಜಿ ಕೆಳಗಿಟ್ಟಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಸಾವಿನ ಸುದ್ದಿ ಕೇಳಿದಾಗ ಹೇಳುವ "ಇನ್ನಾ ಲಿಲ್ಲಾಹಿ" ಶುರುಮಾಡಿದಳು.

ಪ್ರಶಾಂತ ಗೋಡೆ ಹಿಡಿದು ನಕ್ಕ. ಮೇಲೆ ಅಂದರೆ ದಿಲ್ಲಿ ಎಂದು ಬಿಡಿಸಿ ಹೇಳಿದ.

"ಯಾವ ಮ್ಯಾಲ ಹೋದ್ರೂ ಅಷ್ಟ ಬಿಡಪಾ," ಎಂದಳು ಮುದುಕಿ. "ತಿರುಗಿ ಬಂದು ನಮ್ಮ ತೀರ್ಪ ಬರೀತಾರೇನು?"

ಜೇಬುನ್ನೀಸಾಳ ಕೈಯ ಕಡ್ಡಿ ನಿಂತಿತು. ಹೌದಾ ಎಂಬಂತೆ ವಕೀಲನ ಮುಖ ನೋಡಿದಳು. ಬರೆಯದೆ ಹೋದರೆ ಬೇರೆ ಜಡ್ಜರ ಮುಂದೆ ಎಲ್ಲ ಮೊದಲಿನಿಂದ ಎಂದು, ನಾಳೆ ಮಳೆಯುಂಟು ಎಂಬಷ್ಟು ಹಗುರಾಗಿ ಅವನು ಹೇಳಿದ.

"ಹಂಗಾದ್ರ ಲಗೂನ ತೀರ್ಪ ಕೊಡ್ರಿ ಅಂತ ಒಂದ್ ಅರ್ಜಿ ಹಾಕ್ರಿ, ವಕೀಲ ಸಾಹೇಬ್ರ." ಇದು ಅವಳು ಮೂರನೆಯ ಸಲ ಕೇಳುತ್ತಿದ್ದುದು.

"ಈಗ ನೆನಪು ಮಾಡಿದ್ರೆ ಸಾಹೇಬ್ರಿಗೆ ಬೇಜಾರಾಗ್ತದೆ ಅಕ್ಕ. ನಾಳೆ ದೊಡ್ಡವರಾಗುವ ಜನ. ಅವರ ಮೇಲೆ ನನ್ನ ವಿಡಿಯೊ ಬೇರೆ ಉಂಟು."

ತನ್ನ ತೀರ್ಪು ಹಾಳಾಗಿ ಹೋದರೂ ಇವನ ಭವಿಷ್ಯ ನಿಜವಾಗಬೇಕು. ಇಷ್ಟು ದಿನ ಅರ್ಜಿ ಏಕೆ ಹಾಕಲಿಲ್ಲವೆಂದು ಅವಳಿಗೆ ಈಗ ಹೊಳೆಯಿತು. ಬ್ಯಾಂಡಿಗೆ ಇಸ್ತ್ರಿ ಒತ್ತಿ ಕೈಗೆ ಕೊಟ್ಟಳು. ಅವನು ಅವಳ ಕನ್ನಡಿಯಲ್ಲೇ ಕಟ್ಟಿಕೊಂಡು, ಎರಡೂ ಮೂಲೆ ಸಮ ಮಾಡಿಕೊಂಡು ಹೊರಟ.

ಹೊಲಿಗೆ ಮೆಷಿನ್ನಿನ ಡ್ರಾವರಿನಲ್ಲಿ ಕೇಸಿನ ನಂಬರಿನ ಚೀಟಿ ಇತ್ತು. ತೆಗೆದು ರವಿಕೆಯೊಳಗೆ ಇಟ್ಟುಕೊಂಡಳು. ಬೆಳಿಗ್ಗೆ ಬೇಗ ಲೋಕಲ್ ರೈಲು ಹಿಡಿದರೆ ಜಡ್ಜರು ಕೂರುವ ಹೊತ್ತಿಗೆ ಕೋರ್ಟಿನ ಬಾಗಿಲಲ್ಲಿರಬಹುದು. ಬ್ಯಾಂಡಿಲ್ಲದ ಕೊರಳಿನಿಂದ ಮಾತಾಡಬಾರದೆಂದು ಯಾರೂ ಹೇಳಿಲ್ಲವಲ್ಲ.

ನಾಳೆ ದಾರ ತರಲು ಹೋಗುತ್ತೇನೆ ಎಂದಷ್ಟೇ ಅತ್ತೆಗೆ ಹೇಳಿ, ಮುಂದಿನ ಬ್ಯಾಂಡನ್ನು ಮಗುಚಿದಳು.