ಎಂಟು ಕಿವಿಯ ಯಂತ್ರವೂ ಸಾಹೇಬರ ಗೊರಕೆಯೂ

ಇದು ನಡೆದದ್ದೇ. ಸುಳ್ಳಾಗಿದ್ದರೆ ನನ್ನ ಎರಡು ಕಿವಿಯೂ ಮಾಗಿದ ಹಣ್ಣಿನ ಹಾಗೆ ಉದುರಿ ಬೀಳಲಿ.

ನಮ್ಮ ಪ್ರಯೋಗಶಾಲೆಯಲ್ಲೊಂದು ರೋಬೋಟ್. ಕುಂಬಳಕಾಯಿಯಂಥ ತಲೆ, ಸುತ್ತ ಎಂಟು ಮೈಕು. ಸದ್ದು ಯಾವ ಮೈಕಿಗೆ ಮೊದಲು ಮುಟ್ಟಿತೆಂದು ಲೆಕ್ಕ ಹಾಕಿ, ಅದು ಬಂದ ಕಡೆಗೆ ಮುಖ ತಿರುಗಿಸಬೇಕು. ಅದನ್ನು ಪಳಗಿಸಲು ನೆಲದ ತುಂಬ ಸೀಮೆಸುಣ್ಣದ ಗುರುತು. ಒಂದೊಂದರ ಮೇಲೂ ನಿಂತು ಚಪ್ಪಾಳೆ ತಟ್ಟುವವನು, ಕಸ ಗುಡಿಸುವ ನಾನು.

"ಚಪ್ಪಾಳೆ ತಟ್ಟೋಕೂ ಸಂಬಳ ಕೊಡ್ತಾರೇನ್ರೀ?" ಹೆಂಡತಿ ನಕ್ಕಳು.

"ಸುಮ್ನಿರೇ! ಸೊಳ್ಳೆ ಹಾರಿದ್ರೆ ಎಡರೆಕ್ಕೆ ಸದ್ದೋ ಬಲರೆಕ್ಕೆ ಸದ್ದೋ ಹೇಳುತ್ತೆ ಅದು!"

ಒಂದು ದಿನ ಸಭೆಯ ನಡುವೆ ಕಿಟಕಿ ಗಾಜು ನಡುಗುವಂಥ ಗೊರಕೆ. ರೋಬೋಟ್ ಗಿರ್ರನೆ ತಿರುಗಿ ದೊಡ್ಡ ಸಾಹೇಬರನ್ನೇ ದಿಟ್ಟಿಸಿತು. ಸಾಹೇಬರು ಬೆಚ್ಚಿ ಎದ್ದು, ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ ನನ್ನತ್ತ ಬೆರಳು ಮಾಡಿದರು.

"ಗೊರಕೆ ಹೊಡೆದಿದ್ದು ಇವನು! ಇನ್ನೊಂದ್ಸಲ ಹೊಡೆದ್ರೆ ಕೆಲಸದಿಂದ ಕಿತ್ತುಹಾಕ್ತೀನಿ."

"ಸಾರ್, ಮಿಷನ್ನು ನಿಮ್ ಕಡೆ ನೋಡ್ತಿದೆ..." ಎಂದರು ಇಂಜಿನಿಯರಮ್ಮ.

"ಹಾಗಾದ್ರೆ ಮಿಷನ್ನೇ ತಪ್ಪು. ಸರಿ ಮಾಡಿ!"

ಸರಿ ಮಾಡಿದರು. ಸಾಹೇಬರು ತಮ್ಮ ಕುರ್ಚಿಯಲ್ಲೇ ಕೂತು ಮೂರು ದಿನ ಮಾತಾಡಿದರು, ಕೆಮ್ಮಿದರು, ಗೊರಕೆಯನ್ನಂತೂ ಹೇಳಿಸಿಕೊಳ್ಳದೆಯೇ ಹೊಡೆದರು. ಇಂಜಿನಿಯರಮ್ಮ ಪ್ರತಿ ಸದ್ದಿಗೂ 'ಬಂದದ್ದು ಬಾಗಿಲ ಸ್ಟೂಲಿನಿಂದ' ಎಂದು ಯಂತ್ರಕ್ಕೆ ಕಲಿಸಿದರು. ಆಮೇಲೆ ಸಾಹೇಬರು ಸೀನಿದರೂ ರೋಬೋಟ್ ನನ್ನನ್ನೇ ನೋಡುತ್ತಿತ್ತು. ಅವರ ಮುಂದಿನ ಗೊರಕೆಗೆ ನನ್ನ ಅನ್ನಕ್ಕೆ ಕಲ್ಲು ಬೀಳುವುದು ಖಂಡಿತ.

ಅಷ್ಟರಲ್ಲಿ ಸಂಸ್ಥೆಯ ಅಧ್ಯಕ್ಷರು ಪದಕ ಹಿಡಿದು ಬಂದರು. ಎಂಬತ್ತರ ಅಜ್ಜಿ. ಕಣ್ಣು ಮಂಜು, ಮನುಷ್ಯರ ಮೇಲೆ ನಂಬಿಕೆ ಇನ್ನೂ ಮಂಜು.

"ಇದನ್ನ ಇಷ್ಟು ಚೆನ್ನಾಗಿ ಪಳಗಿಸಿದ್ದು ಯಾರಪ್ಪಾ?"

"ನಾನೇ ಮೇಡಂ!" ಸಾಹೇಬರು ಕುರ್ಚಿಯಿಂದಲೇ ಎದೆ ಉಬ್ಬಿಸಿದರು.

ರೋಬೋಟ್ ಗಿರ್ರನೆ ಬಾಗಿಲ ಸ್ಟೂಲಿನ ಮೇಲಿದ್ದ ನನ್ನತ್ತ ತಿರುಗಿತು. ಅಜ್ಜಿ ಅದರ ಮೂಗಿನ ನೇರಕ್ಕೆ ನಡೆದು ಬಂದು ಪದಕವನ್ನು ನನ್ನ ಕೊರಳಿಗೆ ಹಾಕಿದರು.

"ಅಲ್ಲ ಮೇಡಂ, ನಾನು! ನಾನು!"

"ನೋಡಿ, ಅದು ಇವನ್ನೇ ತೋರಿಸ್ತಿದೆ. ಮಿಷನ್ನು ತಪ್ಪೇನ್ರೀ?"

ತಪ್ಪೆಂದರೆ ಪ್ರಯೋಗಶಾಲೆಗೇ ಬೀಗ. ಸರಿಯೆಂದರೆ ಪದಕ ನನ್ನದು. ಸಾಹೇಬರ ಬಾಯಲ್ಲಿ ಬಿಸಿತುಪ್ಪ. ಉಗುಳಲಾರರು, ನುಂಗಲಾರರು.

"ಸರಿಯಾಗಿದೆ ಮೇಡಂ," ಎಂದರು ಕೊನೆಗೆ. ಆ ಮಾತಿಗೂ ರೋಬೋಟ್ ನನ್ನನ್ನೇ ನೋಡಿತು. "ತನ್ನ ಬಿಟ್ಟು ಮಿಷನ್ನನ್ನೇ ಹೊಗಳ್ತಾನೆ, ಹುಡುಗನಿಗೆ ವಿನಯಾನೂ ಇದೆ," ಎಂದು ಅಜ್ಜಿ ಐವತ್ತೆರಡು ವರ್ಷದ ನನ್ನ ಬೆನ್ನು ತಟ್ಟಿ, ಕೆಲಸ ಖಾಯಂ ಮಾಡಿದರು.

ಎಂಟು ಕಿವಿಯ ಸಹವಾಸದಿಂದ ನನ್ನ ಎರಡೂ ಚುರುಕಾಗಿವೆ. ಈಗ ಕಣ್ಣು ಮುಚ್ಚುತ್ತೇನೆ. ಕಥೆ ನಂಬಿದವರು ಚಪ್ಪಾಳೆ ತಟ್ಟಿ. ಯಾವ ಕಡೆಯಿಂದ ಸದ್ದು ಬರುವುದಿಲ್ಲವೋ, ಆ ಕಡೆಯವರು ಎದ್ದು ಹೋಗಿ ನನಗೊಂದು ಲೋಟ ಬಿಸಿ ಚಹಾ ತನ್ನಿ.