ಇರಜ್ ಮರಳಿಸಿದ ಬಟ್ಟಲು

ಕೆರ್ಮಾನ್‌ಶಾಹದ ನಮ್ಮ ಓಣಿಯಲ್ಲಿ ಸೂಜಿಮನೆ ತೆರೆದದ್ದು ಮಾಹ್ರೋಖ್‌ಳ ಮನೆಯ ಎದುರಿಗೇ. ಅಮಲಿಗೆ ಚುಚ್ಚಿಕೊಳ್ಳುವ ಹುಡುಗರು ಹಳೆಯ ಸೂಜಿಯನ್ನು ಅಲ್ಲಿನ ಡಬ್ಬಿಗೆ ಹಾಕಿ ಹೊಸದು ಒಯ್ಯುತ್ತಿದ್ದರು. ಕೊಡುತ್ತಿದ್ದವನು ಇರಜ್, ಅವನೂ ಒಂದು ಕಾಲಕ್ಕೆ ಆ ಚಟಕ್ಕೆ ಬಿದ್ದು ಹೊರಬಂದವನು. ಮಾಹ್ರೋಖ್‌ಳ ಒಬ್ಬನೇ ಮಗ ಫರ್ಶಾದ್ ಆ ಬಾಗಿಲಿಗೆ ಹೋಗಿಬರುವುದನ್ನು ಅವಳು ಕಿಟಕಿಯಿಂದ ನೋಡುತ್ತಲೇ ಇರುತ್ತಿದ್ದಳು.

ಒಂದು ದಿನ ರೊಟ್ಟಿ ಅಂಗಡಿಯ ಸಾಲಿನಲ್ಲಿ ಇರಜ್‌ನನ್ನು ತಡೆದಳು. "ಕುಡುಕನಿಗೆ ಯಾರಾದ್ರೂ ಲೋಟ ತೊಳೆದು ಕೊಡ್ತಾರೇನೋ?"

"ಚಟ ಬಿಡಿಸೋದು ನನ್ ಕೈಲಿಲ್ಲಮ್ಮ. ಬಿಡೋ ದಿನ ಬರೋವರ್ಗೂ ಅವ್ನು ಬದುಕಿರ್ಲಿ ಅಂತ."

"ನಿನ್ ಸೂಜಿ ಇಲ್ದಿದ್ರೆ ಇವತ್ತೇ ಬಿಡ್ತಾನೆ."

"ಇಲ್ದಿದ್ರೆ ಪಕ್ಕದವ್ನದು ಇಸ್ಕೊಂಡು ಚುಚ್ಕೋತಾನೆ."

"ನಾಳೆಯಿಂದ ಕಳ್ಳರಿಗೆ ಏಣಿನೂ ಹಂಚಪ್ಪ!" ಎಂದು ಹಿಂದಿನಿಂದ ಯಾರೋ ಕೂಗಿದರು. ಸಾಲಿಗೆ ಸಾಲೇ ನಕ್ಕಿತು.

ಸೂಜಿಮನೆ ಎದ್ದುಹೋದರೆ ಓಣಿಗೆಲ್ಲ ಶೋಲೆಜರ್ದ್ ಎಂಬ ಕೇಸರಿ ಪಾಯಸ ಹಂಚುವುದಾಗಿ ಮಾಹ್ರೋಖ್ ಹರಕೆ ಹೊತ್ತಳು. ಓಣಿಯವರ ದೂರಿಗೆ ಮನೆ ಮಾಲೀಕ ಹೆದರಿ ಜಾಗ ಬಿಡಿಸಿದ. ಇರಜ್ ಗಂಟು ಕಟ್ಟಿದ.

ಆ ದಿನ ಅಂಗಳದಲ್ಲಿ ಕೇಸರಿ ಪಾಯಸದ ಕೊಪ್ಪರಿಗೆ ಏರಿತು. ಬಂದವರೆಲ್ಲ ಒಂದು ಸುತ್ತು ತಿರುವಿ, ಮನಸ್ಸಿನಲ್ಲೇ ಏನಾದರೂ ಬೇಡಿಕೊಳ್ಳಬೇಕು. ಫರ್ಶಾದನೂ ತಿರುವಿದ.

"ಏನ್ ಬೇಡ್ಕೊಂಡ್ಯೋ?" ಎಂದು ಪಕ್ಕದ ಮನೆಯವಳಾದ ನಾನು ಕೇಳಿದೆ.

"ಇನ್ನೊಂಚೂರು ಸಕ್ಕರೆ, ದೊಡ್ಡಮ್ಮ. ಅಮ್ಮಂಗೆ ಹೇಳ್ಬೇಡ."

ಹರಕೆಯ ಬಟ್ಟಲು ಯಾರಿಗೂ ತಪ್ಪಬಾರದು. ಗಾಡಿಗೆ ಸಾಮಾನು ಏರಿಸುತ್ತಿದ್ದ ಇರಜ್‌ಗೂ ಒಂದು ಹೋಯಿತು. ಅದನ್ನು ಬರಿದಾಗಿ ಮರಳಿಸುವ ರೂಢಿ ನಮ್ಮಲ್ಲಿಲ್ಲ. ಕಲ್ಲುಸಕ್ಕರೆಯೋ ಒಂದು ಹೂವೋ ಇಟ್ಟು ಕೊಡುತ್ತಾರೆ. ಅವನ ಬಳಿ ಉಳಿದದ್ದು ಒಂದೇ. ಅದನ್ನೇ ಇಟ್ಟು, ಕರವಸ್ತ್ರ ಮುಚ್ಚಿ ಕಳಿಸಿದ. ತೆಗೆದು ನೋಡಿದರೆ ಹೊಸ ಸೂಜಿಗಳು.

"ನನ್ ಹರಕೆ ಬಟ್ಟಲಲ್ಲಿ! ಹೋಗೋವಾಗ್ಲೂ ಹಂಗಿಸಿ ಹೋದ್ನಲ್ಲೇ!"

"ಹಂಗಿಸೋಕಲ್ಲ ಅನ್ಸುತ್ತೆ ಕಣೇ. ಎತ್ತಿಡು," ಎಂದೆ.

ಮಗ ನೋಡುತ್ತಿದ್ದಂತೆಯೇ ಸೂಜಿಗಳನ್ನೆಲ್ಲ ಕೆಂಡಕ್ಕೆ ಸುರಿದಳು. ಪ್ಲಾಸ್ಟಿಕ್ ಸುಟ್ಟ ನಾತ ಕೇಸರಿಯ ಘಮವನ್ನು ನುಂಗಿಬಿಟ್ಟಿತು.

ಫರ್ಶಾದ್ ಚಟ ಬಿಡಲಿಲ್ಲ. ಸೇತುವೆಯ ಕೆಳಗೆ ಒಂದೇ ಸೂಜಿ ಕೈಯಿಂದ ಕೈಗೆ ಹೋಗುತ್ತಿತ್ತು. ಇರಜ್ ಹೇಳಿದ್ದ ದಿನವೂ ಬಂತು: ಹುಡುಗ ತಾನಾಗಿಯೇ ಎಲ್ಲ ಬಿಟ್ಟ, ಕೆಲಸಕ್ಕೂ ಸೇರಿದ. ಆದರೆ ಅಷ್ಟರಲ್ಲಿ ಆ ಸೂಜಿಯಿಂದ ಏಡ್ಸ್ ಅಂಟಿಕೊಂಡಿತ್ತು. ತಾಯಿಯ ಮಡಿಲಲ್ಲೇ ಹೋದ.

ಅವನ ವರ್ಷದ ದಿನ ಮಾಹ್ರೋಖ್ ಮತ್ತೆ ಪಾಯಸ ಮಾಡಿದಳು. ಮೊದಲ ಬಟ್ಟಲು ಹಿಡಿದು, ನನ್ನನ್ನೂ ಕರೆದುಕೊಂಡು, ನದಿಯಾಚೆ ಇರಜ್‌ನ ಹೊಸ ಸೂಜಿಮನೆಗೆ ಹೊರಟಳು. ಅವನು ಗುರುತು ಹಿಡಿದು ಎದ್ದು ನಿಂತ. ಪಾಯಸವನ್ನು ತನ್ನ ಪಾತ್ರೆಗೆ ಸುರಿದುಕೊಂಡು, "ಈ ಸಲ ಕಲ್ಲುಸಕ್ಕರೆ ಇದೆ, ಅಮ್ಮ," ಎಂದ.

"ಬೇಡಪ್ಪ. ಆವತ್ತು ಕೊಟ್ಟಿದ್ದನ್ನೇ ಕೊಡು. ಸೇತುವೆ ಕೆಳಗೆ ಇನ್ನೂ ಹುಡುಗ್ರು ಕೂತಿರ್ತಾರೆ."

ಅವನು ಬಟ್ಟಲು ತುಂಬಿಸುವವರೆಗೂ ಅವಳು ಅಂದು ಅವನು ಮುಚ್ಚಿ ಕಳಿಸಿದ್ದ ಕರವಸ್ತ್ರವನ್ನು ಬಿಡಿಸಿ ಹಿಡಿದು ನಿಂತಿದ್ದಳು.