ಬಟಾಣಿ ಪೊಟ್ಟಣದ ಹಿಂದಿನ ಹಾಲು

ಲಿಫ್ಟ್ ರಿಪೇರಿ ಮಾಡುವವರು ಯಾರ ಮಾತನ್ನೂ ಸುಲಭಕ್ಕೆ ನಂಬುವವರಲ್ಲ. ಬೀಗ ಹಾಕಿದ್ದೇನೆ ಎಂದರೆ ಎಳೆದು ನೋಡುತ್ತಾರೆ, ಎಳೆದು ನೋಡಿದ್ದೇನೆ ಎಂದರೆ ಇನ್ನೊಮ್ಮೆ ಎಳೆಯುತ್ತಾರೆ. ನಮ್ಮ ಈ ಬಾಣಂತಿಯಂತೂ ಅದರಲ್ಲಿ ಎಲ್ಲರಿಗಿಂತ ಒಂದು ಕೈ ಮೇಲು. ಒಂಬತ್ತು ವರ್ಷದಿಂದ ಲಿಫ್ಟ್ ಮೇಲೆ ಕೆಳಗೆ ಓಡಾಡುವ ಬಾವಿಗಳಲ್ಲಿ ಹತ್ತಿ ಇಳಿದು, ಗ್ರೀಸಿನ ಕೈಯಲ್ಲೇ ಬುತ್ತಿ ತಿಂದು, ಗಂಡಸರೇ ತುಂಬಿದ ಕಂಪನಿಯಲ್ಲಿ ಸೈ ಅನ್ನಿಸಿಕೊಂಡವಳು.

ಹೆರಿಗೆಯಾದ ಆರನೇ ವಾರ ಕ್ಲಿನಿಕ್ಕಿಗೆ ಹೋದಾಗ ದಾದಿ ಮಗುವನ್ನು ತೂಗಿ, ಕೆನ್ನೆ ಹಿಂಡಿ, ಆಮೇಲೆ ಅಮ್ಮನ ಕಡೆ ತಿರುಗಿದರು.

"ಇದು ಸರಿ. ಮುಂದಿನದಕ್ಕೆ ಏನು ಯೋಚನೆ ಮಾಡಿದೀಯ?"

"ಮುಂದಿನದಾ? ಈಗಲೇ ಬೇಡ ಸಿಸ್ಟರ್, ನಿಮ್ಮ ದಮ್ಮಯ್ಯ!"

"ಹಾಗಾದ್ರೆ ಕೇಳು. ಸದ್ಯಕ್ಕೆ ಎದೆಹಾಲೇ ಕಾಪಾಡುತ್ತೆ, ಆದ್ರೆ ಮೂರು ಷರತ್ತು. ಮುಟ್ಟು ಮತ್ತೆ ಶುರುವಾಗಿರಬಾರದು. ಮಗುಗೆ ಆರು ತಿಂಗಳು ತುಂಬಿರಬಾರದು. ಹಗಲೂ ರಾತ್ರಿ ನಿನ್ನ ಹಾಲು ಬಿಟ್ಟು ಬೇರೇನೂ ಅದರ ಬಾಯಿಗೆ ಬೀಳಬಾರದು. ಮೂರರಲ್ಲಿ ಒಂದು ತಪ್ಪಿದ್ರೂ ಅವತ್ತೇ ಓಡಿ ಬಾ. ಮುಟ್ಟು ಬರಲಿ, ಆಮೇಲೆ ನೋಡೋಣ ಅಂತ ಕೂತ್ಕೋಬೇಡ. ಮುಟ್ಟು ಬರೋಕೆ ಮುಂಚೇನೇ ಬಸಿರು ನಿಲ್ಲಬಹುದು."

ಅವಳಿಗೆ ಇದು ಬಹಳ ಹಿಡಿಸಿತು. ಲಿಫ್ಟೂ ಹೀಗೇ ಅಲ್ಲವೇ? ಬಾಗಿಲ ಬೀಗಗಳೆಲ್ಲ ಕಚ್ಚಿಕೊಂಡಿದ್ದರೆ ಮಾತ್ರ ಪೆಟ್ಟಿಗೆ ಅಲ್ಲಾಡುತ್ತದೆ, ಒಂದು ಸಡಿಲವಿದ್ದರೂ ನಿಂತಲ್ಲೇ ನಿಲ್ಲುತ್ತದೆ. "ಕೆಲಸಕ್ಕೆ ಸೇರೋಕೆ ಮುಂಚೆ ಮಾತ್ರ ಒಂದ್ಸಲ ಬಂದು ಹೋಗು. ಪಂಪಲ್ಲಿ ತೆಗೆದ ಹಾಲು ಕುಡಿಸ್ತಾ ಹೋದ್ರೆ ಇದು ಅಷ್ಟು ಗಟ್ಟಿ ಅಲ್ಲ," ಎಂದೂ ದಾದಿ ಹೇಳಿದರು. ಅವಳು ಹೂಂಗುಟ್ಟಿದಳು. ಹೋದಳೇ? ಇಲ್ಲ. ಊರಿನ ಲಿಫ್ಟುಗಳನ್ನೆಲ್ಲ ತಿಂಗಳಿಗೊಮ್ಮೆ ತಪಾಸಣೆ ಮಾಡುವವಳಿಗೆ ತನ್ನ ತಪಾಸಣೆಗೆ ಪುರುಸೊತ್ತಾಗಲಿಲ್ಲ. ಇವತ್ತು ಹೋದರಾಯಿತು, ನಾಳೆ ಹೋದರಾಯಿತು ಎನ್ನುತ್ತಲೇ ಕೆಲಸಕ್ಕೆ ಸೇರಿ ನಾಲ್ಕು ವಾರ ಕಳೆದವು.

ಇನ್ನೊಂದು ಬಸಿರನ್ನು ಬೇಡ ಅನ್ನುವುದಕ್ಕೆ ಅವಳಿಗೊಂದು ಗಟ್ಟಿ ಕಾರಣವಿತ್ತು. ಹಿರಿಯ ಮೆಕ್ಯಾನಿಕ್ ಪರೀಕ್ಷೆಗೆ ಕಂಪನಿ ಒಬ್ಬರ ಹೆಸರನ್ನು ಎರಡೇ ಸಲ ಕಳಿಸುತ್ತದೆ. ಮೊದಲ ಸಲ ಕಳಿಸಿದಾಗ ಅವಳಿಗೆ ಏಳು ತಿಂಗಳು. ಬಸುರಿಯರನ್ನು ಲಿಫ್ಟ್ ಬಾವಿಗೆ ಇಳಿಸುವ ಹಾಗಿಲ್ಲ, ಬಾವಿಗೆ ಇಳಿಯದೆ ಪರೀಕ್ಷೆಯಿಲ್ಲ. ಎರಡನೆಯದು, ಅಂದರೆ ಕೊನೆಯದು, ಇನ್ನು ಐದು ತಿಂಗಳಿಗೆ. ಈಗ ಬಸಿರು ನಿಂತರೆ ಆ ಹೊತ್ತಿಗೆ ಮತ್ತೆ ಹೊಟ್ಟೆ ಹೊತ್ತು ಕೆಳಗೆ ನಿಂತು, ಮೇಲೆ ಹತ್ತುವವರನ್ನು ನೋಡುತ್ತಿರಬೇಕು. ಆಮೇಲೆ ಜೀವಮಾನವಿಡೀ ಇನ್ನೊಬ್ಬರಿಗೆ ಸ್ಪಾನರ್ ಎತ್ತಿಕೊಡುವ ಕೆಲಸ.

ಮನೆಯಲ್ಲಿ ಮಗಳು ಪುಟ್ಟಿಯನ್ನು ನೋಡಿಕೊಳ್ಳುತ್ತಿದ್ದವರು ಮಾವ. ನಿವೃತ್ತ ಪೋಸ್ಟ್‌ಮನ್. ಅತ್ತೆ ತೀರಿಕೊಂಡು ಆರು ವರ್ಷ. ಗಂಡ ಸಿಟಿ ಬಸ್ಸಿನ ಡ್ರೈವರು, ಬೆಳಗಾಗುವ ಮುಂಚೆ ಹೊರಟರೆ ಮಧ್ಯಾಹ್ನ ಮೂರಕ್ಕೆ ಬರುತ್ತಿದ್ದ. ಅವಳು ಮಷೀನ್ ರೂಮಿನ ಮೂಲೆಯಲ್ಲಿ ಬೆನ್ನು ತಿರುಗಿಸಿ ಕೂತು ಪಂಪು ಒತ್ತಿ, ತೆಗೆದ ಹಾಲನ್ನು ಚೀಲಗಳಿಗೆ ತುಂಬಿ, ತಾರೀಖು ಬರೆದು, ಮನೆಗೆ ತಂದು ಫ್ರಿಜ್ಜಿನಲ್ಲಿಡುತ್ತಿದ್ದಳು. ಮಾವ ಅದನ್ನು ಬೆಚ್ಚಗೆ ಮಾಡಿ ಕುಡಿಸುತ್ತಿದ್ದರು. ಹಾಗಂತ ಅವಳು ತಿಳಿದಿದ್ದಳು.

ಒಂದು ಶನಿವಾರ ಬೆಳಿಗ್ಗೆ, ಅಪರೂಪಕ್ಕೆ ಸಿಕ್ಕಿದ ರಜೆಯ ದಿನ, ಫ್ರೀಜರಿನ ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲವೆಂದು ಅವಳ ಕಣ್ಣಿಗೆ ಬಿತ್ತು. ಸರಿಯಾಗಿ ಮುಚ್ಚದ ಬಾಗಿಲನ್ನು ಕಂಡು ಸುಮ್ಮನಿರುವ ಹೆಂಗಸೇ ಅದು? ಒಳಗಿದ್ದುದನ್ನೆಲ್ಲ ಈಚೆ ತೆಗೆದಳು. ಬಟಾಣಿ ಪೊಟ್ಟಣದ ಹಿಂದೆ, ಗೋಡೆಗೆ ಆತುಕೊಂಡು, ಹಾಲಿನ ಚೀಲಗಳು! ಅವಳದೇ ಅಕ್ಷರ, ಅವಳದೇ ತಾರೀಖು. ಕಾಗದ ವಿಂಗಡಿಸಿಟ್ಟ ಹಾಗೆ ಒಂದೊಂದಾಗಿ ಕ್ರಮಪ್ರಕಾರ ಇಪ್ಪತ್ತಮೂರು ಚೀಲ.

"ಮಾವ, ಇದೇನು?"

ಪುಟ್ಟಿಯನ್ನು ಹೆಗಲಿಗೆ ಹಾಕಿಕೊಂಡು ಬಂದ ಮಾವನ ಮುಖ ಸಪ್ಪಗಾಯಿತು.

"ಅದಾ... ಮೊದಲನೇ ದಿನ ಕೈ ಜಾರಿ ಒಂದು ಬಾಟ್ಲಿ ಚೆಲ್ಲಿಹೋಯ್ತು ಕಣಮ್ಮಾ. ನೀನು ಅಷ್ಟು ಕಷ್ಟಪಟ್ಟು ತೆಗೆದಿದ್ದು. ಈ ಪುಟ್ಟಿ ಹಸಿವು ಅಂತ ಮನೆ ಹಾರಿಹೋಗೋ ಹಾಗೆ ಕಿರುಚ್ತಿತ್ತು. ಎತ್ತಿಕೊಂಡೇ ಓಡಿಹೋಗಿ ಡಬ್ಬಿ ಹಾಲಿನ ಪುಡಿ ತಂದೆ. ಗಟಗಟ ಕುಡೀತು. ಇನ್ನೊಂದಿನ ಹೀಗೇ ಆದ್ರೆ ಕೈಯಲ್ಲಿ ಇರಲಿ ಅಂತ, ಮಧ್ಯಾಹ್ನದ್ದೊಂದು ಡಬ್ಬಿದು ಕೊಟ್ಟು ನಿಂದನ್ನ ಎತ್ತಿಟ್ಟೆ."

"ದಿನಾನಾ?"

"ಭಾನುವಾರ ಬಿಟ್ಟು," ಎಂದರು ಮಾವ, ಪೋಸ್ಟಾಫೀಸಿನ ಲೆಕ್ಕದಲ್ಲಿ.

ಮೂರನೇ ಬೀಗ ನಾಲ್ಕು ವಾರದಿಂದ ತೆರೆದೇ ಇದೆ! ಕೆಲಸಕ್ಕೆ ಸೇರಿದ ಮೇಲೆ ಸುಸ್ತಾಗಿ ದಿನಾ ಬಿದ್ದಲ್ಲೇ ನಿದ್ದೆ ಹೋಗುತ್ತಿದ್ದಳು ನಿಜ. ಆದರೆ ಹನ್ನೆರಡು ದಿನದ ಹಿಂದೆ ಗಂಡನ ಹುಟ್ಟುಹಬ್ಬ ಬಂದಿತ್ತಲ್ಲ, ಅವತ್ತು ಮಾತ್ರ ನಿದ್ದೆ ಬಂದಿರಲಿಲ್ಲ. ಕೈಯಲ್ಲಿದ್ದ ಬಟಾಣಿ ಪೊಟ್ಟಣದಿಂದ ನೀರು ತೊಟ್ಟಿಕ್ಕುತ್ತಿತ್ತು.

"ನಾನು ಈಗಲೇ ಕ್ಲಿನಿಕ್ಕಿಗೆ ಹೋಗಬೇಕು ಮಾವ."

"ಅಯ್ಯೋ, ಪುಟ್ಟಿಗೆ ಏನಾದ್ರೂ ಆಯ್ತಾ? ಡಬ್ಬಿ ಹಾಲು ವಿಷವೇನಮ್ಮಾ?" ಮಾವ ಪುಟ್ಟಿಯ ಹಣೆ ಮುಟ್ಟಿ ನೋಡಿದರು.

"ಪುಟ್ಟಿಗೇನೂ ಆಗಿಲ್ಲ, ಕಲ್ಲುಗುಂಡಿನ ಹಾಗಿದೆ. ನನಗೆ... ಅದೇನಂದ್ರೆ..." ಮಾವನ ಮುಂದೆ ಆಡುವ ಮಾತೇ ಇದು? ಆದರೆ ಆಡದೆ ಬಿಟ್ಟರೆ ಮುದುಕರು ಅಲ್ಲೇ ಕುಸಿಯುವ ಹಾಗಿದ್ದರು. "ಬರೀ ನನ್ನ ಹಾಲೇ ಕುಡೀತಿದ್ರೆ ಮಾತ್ರ, ಪುಟ್ಟಿಗೆ ಬೇಗ ತಮ್ಮನೋ ತಂಗಿಯೋ ಬರೋದಿಲ್ಲ. ಮಧ್ಯೆ ಬೇರೆ ಹಾಲು ಕೊಟ್ರೆ ಬರಬಹುದು. ಪರೀಕ್ಷೆ ಇದೆಯಲ್ಲ, ಅದಕ್ಕೆ..."

ಮಾವನಿಗೆ ಅರ್ಥವಾಗುವುದಕ್ಕೆ ಒಂದು ಗಳಿಗೆ ಬೇಕಾಯಿತು. ಅರ್ಥವಾದ ಕೂಡಲೇ ಕಿವಿಯ ತುದಿಯವರೆಗೆ ಕೆಂಪಾದರು. ಆಮೇಲೆ ಚಪ್ಪಲಿ ಮೆಟ್ಟಿ, ಪುಟ್ಟಿಗೆ ಟೋಪಿ ತೊಡಿಸಿ, "ನಡಿ," ಎಂದರು.

ಕ್ಲಿನಿಕ್ಕಿನಲ್ಲಿ ದಾದಿ ಮೊದಲು ಚೆನ್ನಾಗಿ ಬೈದರು. "ಕೆಲಸಕ್ಕೆ ಹೋಗೋಕೆ ಮುಂಚೆ ಬಾ ಅಂದಿದ್ನೋ ಇಲ್ವೋ? ತಾತನ್ನ ಯಾಕೆ ದೂರ್ತೀಯ?" ಪರದೆಯ ಆಚೆ ಬೆಂಚಿನ ಮೇಲೆ ಪುಟ್ಟಿಯನ್ನು ಕೂರಿಸಿಕೊಂಡಿದ್ದ ತಾತ ಕೆಮ್ಮಿದರು. ಬಸಿರು ಪರೀಕ್ಷೆಯ ಪಟ್ಟಿಯಲ್ಲಿ ಒಂದೇ ಗೆರೆ, ಅಂದರೆ ಬಸಿರಿಲ್ಲ. ಅವಳಿಗೆ ಹೋದ ಜೀವ ಬಂದಂತಾಯಿತು.

"ಇಷ್ಟಕ್ಕೇ ಕುಣೀಬೇಡ. ಹನ್ನೆರಡು ದಿನಕ್ಕೆಲ್ಲ ಖಾತ್ರಿಯಾಗಿ ಹೇಳೋಕಾಗಲ್ಲ. ಐದು ದಿನದೊಳಗೆ ಬಂದಿದ್ರೆ ಕಾಪರ್-ಟಿ ಹಾಕಿ ಆವತ್ತಿನದನ್ನೂ ತಡೀಬಹುದಿತ್ತು. ಈಗ ಮೂರು ವಾರ ಕಾಯಿ. ಅಲ್ಲೀವರೆಗೆ ಕಾಂಡೋಮ್, ತಪ್ಪದೆ. ಮತ್ತೆ ಟೆಸ್ಟ್ ಮಾಡಿ, ಇಲ್ಲ ಅಂತಾದ್ರೆ ನಿನಗೆ ಹಿಡಿಸಿದ್ದನ್ನ ಶುರು ಮಾಡೋಣ."

ಆಮೇಲೆ ದಾದಿ ಮೇಜಿನ ಮೇಲೆ ಸಾಮಾನು ಹರಡಿ ಕೂತರು. ಎರಡು ಹಾರ್ಮೋನು ಸೇರಿದ ಮಾತ್ರೆ ಈಗ ಬೇಡ, ಮಗುವಿಗೆ ಆರು ತಿಂಗಳಾಗಲಿ, ಹಾಲು ಕಡಿಮೆಯಾದೀತು. ಒಂದೇ ಹಾರ್ಮೋನಿನದು ಹಾಲೂಡಿಸುವವರಿಗೆ ಆಗುತ್ತದೆ, ಆದರೆ ದಿನಾ ಅದೇ ಹೊತ್ತಿಗೆ ನುಂಗಬೇಕು. "ಲಿಫ್ಟ್ ಬಾವೀಲಿ ನೇತಾಡ್ತಿರುವಾಗ ನೆನಪಿರುತ್ತಾ?" ಇರುವುದಿಲ್ಲ. ಮೂರು ತಿಂಗಳಿಗೊಂದು ಇಂಜೆಕ್ಷನ್ ಇದೆ. ತೋಳಿನ ಚರ್ಮದ ಕೆಳಗೆ ಇಡುವ ಕಡ್ಡಿ ಇದೆ. ಹಾರ್ಮೋನೇ ಇಲ್ಲದ ಕಾಪರ್-ಟಿ ಇದೆ, ವರ್ಷಗಟ್ಟಲೆ ಇರುತ್ತದೆ, ಮುಂದೊಂದು ಮಗು ಬೇಕೆನ್ನಿಸಿದ ದಿನ ತೆಗೆಸಿದರಾಯಿತು. ಮುಟ್ಟಿನ ದಿನ ಸ್ವಲ್ಪ ಹೆಚ್ಚು ಹೋಗಬಹುದು.

ಅವಳು ಕಾಪರ್-ಟಿಯ ಮಾದರಿಯನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ, ದಾರವನ್ನು ಮೆಲ್ಲಗೆ ಎಳೆದು ನೋಡಿದಳು. ಆಗ ಪರದೆಯ ಆಚೆಯಿಂದ ಒಂದು ದನಿ ಬಂತು.

"ಸಿಸ್ಟರ್, ಅದನ್ನ ಹಾಕಿಸಿಕೊಂಡವರು ಏಣಿ ಹತ್ತಬಹುದಾ?"

ದಾದಿ ನಗು ತಡೆದುಕೊಂಡು, "ಏಣಿ ಏನು, ಬೆಟ್ಟಾನೇ ಹತ್ತಲಿ ತಾತ," ಎಂದರು. ಸೊಸೆ ನಾಚಿಕೆಯಿಂದ ನೆಲ ನೋಡಿದಳು. ಆದರೆ ಕೇಳಬೇಕೆಂದಿದ್ದುದನ್ನು ಮಾವನೇ ಕೇಳಿದ್ದು ಅವಳಿಗೆ ಒಳಗೊಳಗೇ ಹಿತವಾಯಿತು.

ವಾಪಸು ಬರುವಾಗ ಮಾವ ರಸ್ತೆ ದಾಟಿದ ಮೇಲೆ, ಪುಟ್ಟಿಯ ಟೋಪಿ ಸರಿಮಾಡುತ್ತಾ ಹೇಳಿದರು.

"ನಿನ್ನ ಗಂಡನಿಗೂ ನಾದಿನಿಗೂ ಹನ್ನೊಂದೇ ತಿಂಗಳ ಅಂತರ, ಗೊತ್ತಲ್ಲ?"

"ಗೊತ್ತು ಮಾವ. ಅವಳಿಜವಳಿ ಥರ ಬೆಳೆದ್ರು ಅಂತ ನೀವೇ ಹೇಳ್ತಿರ್ತೀರಿ."

"ಹೂಂ, ನಗ್ತಾನೇ ಹೇಳ್ತೀನಿ. ನಿಮ್ಮತ್ತೆ ಆಗ ಟೆಲಿಫೋನ್ ಎಕ್ಸ್‌ಚೇಂಜಲ್ಲಿದ್ಲು. ಸೂಪರ್‌ವೈಸರ್ ಮಾಡ್ತೀವಿ, ಆರು ತಿಂಗಳು ತರಬೇತಿಗೆ ಬಾ ಅಂತ ಕಾಗದ ಬಂತು. ತಂದುಕೊಟ್ಟವನು ನಾನೇ. ಮಗು ಹಾಲು ಕುಡೀತಿದೆಯಲ್ಲ, ಏನೂ ಆಗಲ್ಲ ಅಂತ ನಾವಿಬ್ರೂ ತಿಳ್ಕೊಂಡಿದ್ವಿ. ಹಾಲಿನ ಜೊತೆ ಗಂಜಿ ತಿಳೀನೂ ಕುಡೀತಿದ್ದ ಇವನು. ಅದಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಯಾರೂ ಹೇಳಲಿಲ್ಲ. ನಾವೂ ಕೇಳಲಿಲ್ಲ." ಪುಟ್ಟಿಯನ್ನು ಇನ್ನೊಂದು ಹೆಗಲಿಗೆ ಬದಲಿಸಿ, "ಬರೋಕಾಗಲ್ಲ ಅಂತ ಅವಳು ಉತ್ತರ ಬರೆದ್ಲು. ಅದನ್ನ ಚೀಲದಲ್ಲಿ ಹಾಕ್ಕೊಂಡು ಹೋದವನೂ ನಾನೇ," ಎಂದರು.

ಅವಳಿಗೆ ಬೆಳಿಗ್ಗೆಯಿಂದ ಮಾವನ ಮೇಲಿದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಅವರ ಕೈಯಿಂದ ಪುಟ್ಟಿಯನ್ನು ಇಸಿದುಕೊಳ್ಳದೆ, ಅವರ ತೋಳನ್ನು ಹಿಡಿದುಕೊಂಡು ಮನೆಯವರೆಗೂ ನಡೆದಳು.

ಗಂಡ ವಿಷಯ ಕೇಳಿ ಮೊದಲು ಪೆಚ್ಚಾದ, ಆಮೇಲೆ ಜವಾಬ್ದಾರಿ ಹೊತ್ತ. ಅವನ ರೂಟಿನ ಅಂಗಡಿಯವರೆಲ್ಲ ಅವನನ್ನು ಬಲ್ಲವರಾದ್ದರಿಂದ, ಕಾಂಡೋಮ್ ತರಲು ಬೇರೆ ರೂಟಿನ ಬಸ್ಸು ಹತ್ತಿ ಹೋದ. ಅಲ್ಲಿಯ ಕಂಡಕ್ಟರು, "ಏನಣ್ಣಾ, ಈ ಕಡೆ?" ಎಂದು ಊರಿಗೆಲ್ಲ ಕೇಳಿಸುವ ಹಾಗೆ ಕೂಗಿದನಂತೆ. ಅವಳು ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು. ಆದರೆ ಕೆಲಸದ ಮಧ್ಯೆ, ಲಿಫ್ಟಿನ ಉಕ್ಕಿನ ಹಗ್ಗಕ್ಕೆ ಎಣ್ಣೆ ಹಾಕುವಾಗ, ಹೊಟ್ಟೆಯ ಕಡೆ ಕೈ ತಾನಾಗಿ ಹೋಗುತ್ತಿತ್ತು. ಏನಾದರೂ ಇದೆಯೇ? ಇದ್ದರೆ ಅದನ್ನೂ ಮುದ್ದು ಮಾಡುತ್ತಾಳೆ, ಅದು ಬೇರೆ ಮಾತು. ಆದರೆ ಈಗ ಬೇಡ, ದಯವಿಟ್ಟು ಈಗ ಬೇಡ. ಮನೆಯಲ್ಲಿ ಮಾವ ಅವಳು ವಾಂತಿ ಮಾಡಿಕೊಳ್ಳುತ್ತಾಳೇನೋ ಎಂದು ಕಿವಿಯೆಲ್ಲ ಆ ಕಡೆಗಿಟ್ಟು ತಿರುಗುತ್ತಿದ್ದರು. ಒಂದು ದಿನ ಹಲ್ಲುಜ್ಜುವಾಗ ಅವಳು ಓಕರಿಸಿದ್ದೇ ತಡ, ಬಚ್ಚಲ ಬಾಗಿಲಿಗೇ ಬಂದು ನಿಂತರು.

"ಪೇಸ್ಟು ಗಂಟಲಿಗೆ ಹೋಯ್ತು ಮಾವ!"

"ಪೇಸ್ಟು ತಾನೇ? ಸರಿ ಸರಿ."

ಮೂರು ವಾರ ಕಳೆದ ದಿನ ಕ್ಲಿನಿಕ್ಕಿನ ಹೊರಗೆ ಬಸುರಿಯರೂ ಬಾಣಂತಿಯರೂ ಅವರ ಅಮ್ಮಂದಿರೂ ಸಾಲಾಗಿ ಕೂತಿದ್ದರು. ಗಂಡನಿಗೆ ಡ್ಯೂಟಿ. ಮಾವ ಪುಟ್ಟಿಯನ್ನು ಎತ್ತಿಕೊಂಡು ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತಿದ್ದರು. ಅವಳು ಒಳಗೆ ಹೋಗಿ ಬಹಳ ಹೊತ್ತಾಯಿತು. ಕೊನೆಗೂ ಬಾಗಿಲು ತೆರೆಯಿತು. ಸ್ವಲ್ಪ ಬಿಳಿಚಿಕೊಂಡಿದ್ದಳು, ಕಾಪರ್-ಟಿ ಹಾಕಿಸಿಕೊಂಡ ನೋವು ಇನ್ನೂ ಇತ್ತು. ಆದರೆ ಮುಖದ ತುಂಬಾ ನಗು. ಮಾವನನ್ನು ನೋಡಿ ಇಲ್ಲವೆಂದು ತಲೆ ಆಡಿಸಿದಳು.

ಬೆಂಚಿನ ಮೇಲಿದ್ದ ಹಿರಿಯ ಹೆಂಗಸೊಬ್ಬರು ಮಾವನ ಮುಖ ಅರಳಿದ್ದನ್ನು ಕಂಡು, "ಏನು, ಸಿಹಿಸುದ್ದೀನಾ?" ಎಂದು ಕೇಳಿದರು.

"ಹೌದಮ್ಮಾ!" ಮಾವನ ದನಿ ಮೂರು ಬೀದಿಗೆ ಕೇಳಿಸುವಷ್ಟು ಏರಿತ್ತು, ಕಣ್ಣಲ್ಲಿ ನೀರಿತ್ತು. "ನನ್ನ ಸೊಸೆ ಬಸುರಿ ಅಲ್ಲ! ಅವಳು ಪರೀಕ್ಷೆಗೆ ಹೋಗ್ತಾಳೆ!"